ರೂಮಿನ ಸುಲ್ತಾನರ ಪಳ್ಳಿ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದು ಹೇಳಿದವರು ಹೊರಗಿನವರು ಯಾರೂ ಅಲ್ಲ, ನನ್ನ ಉಮ್ಮನ ಸ್ವಂತ ಅಣ್ಣ, ಮೂಸ ಮಾಮ. ಕಾಪುವಿನ ಕಡಲ ಬದಿಯ ನಮ್ಮ ಹಳೇ ಪಳ್ಳಿಯ ಮುಕ್ರಿ ಅವರು. ಮಸೀದಿಗೆ ನಮ್ಮಲ್ಲಿ ಪಳ್ಳಿ ಎನ್ನುತ್ತಾರೆ. ಮುಕ್ರಿ ಎಂದರೆ ಅದರ ಬಾಗಿಲು ತೆಗೆಯುವುದರಿಂದ ಹಿಡಿದು ಕೊಳದ ಪಾಚಿ ಉಜ್ಜುವ ತನಕ ಎಲ್ಲ ಕೆಲಸ ನೋಡಿಕೊಳ್ಳುವವರು. ನಾನು ಪಿಯುಸಿ ಪಾಸಾಗಿ ಉಡುಪಿಯ ಕಾಲೇಜಿನಿಂದ ಅರ್ಜಿ ತಂದ ದಿನ ಮಾಮ ನಮ್ಮ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಅರ್ಜಿಯ ಕಡೆ ನೋಡಲೂ ಇಲ್ಲ. "ಆ ಹಳೇ ಪಳ್ಳಿಯ ಕಂಬ ಉಂಟಲ್ಲ, ಅದು ಚಿಗುರಿದ ದಿನ ಇವಳು ಡಿಗ್ರಿ ಮಾಡಿಯಾಳು" ಎಂದರು. ಹೇಳಿದ್ದು ಬ್ಯಾರಿ ಭಾಷೆಯಲ್ಲಿ. ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಕಡಿಮೆಯಾಗಿದೆ.

ಈ ಮಾತು ಮತ್ತೆ ನೆನಪಾದದ್ದು ಕಳೆದ ತಿಂಗಳು ಶಿರ್ವದಲ್ಲಿ. ನನಗೆ ಇತಿಹಾಸ ಕಲಿಸಿದ ಸರ್ ಈಗ ಎಂಬತ್ತು ದಾಟಿ ತಮ್ಮ ಹಿರಿಯರ ಮನೆಯಲ್ಲಿದ್ದಾರೆ. ನೋಡಿಕೊಂಡು ಬರೋಣ ಎಂದು ನಾನು ಈಗಿರುವ ಪರ್ಕಳದಿಂದ ಬಸ್ಸು ಹತ್ತಿ ಹೋಗಿದ್ದೆ. ಅವರ ಅಂಗಳದ ಬಾವಿಕಟ್ಟೆಗೆ ಆಳು ಸುಣ್ಣ ಬಳಿಯುತ್ತಿದ್ದ. ಪೇಟೆಯ ಡಬ್ಬದ ಬಣ್ಣವಲ್ಲ, ಮರುವಾಯಿ ಚಿಪ್ಪು ಸುಟ್ಟು ಮಾಡಿದ ಸುಣ್ಣ. ನೀರು ಬಿದ್ದ ಕೂಡಲೇ ಅದು ಕುದಿಯುತ್ತದೆ, ಒಂದು ಬಿಸಿ ವಾಸನೆ ಮೂಗಿಗೆ ಹೊಡೆಯುತ್ತದೆ, ಕಡಲಿನ ವಾಸನೆಯನ್ನೇ ಒಲೆಗೆ ಹಾಕಿದ ಹಾಗೆ. ನಾನು ಗೇಟಿನ ಹತ್ತಿರವೇ ನಿಂತುಬಿಟ್ಟೆ. ಸರ್ ಜಗಲಿಯಿಂದ ಕೂಗಿ ಹೇಳಿದರು, "ಎಂತ ನೆಬಿಸ, ಇಲ್ಲಿಯೂ ರೂಮು ಹುಡುಕುತ್ತೀಯಾ?"

ಅಂದರೆ ಅವರೂ ಮರೆತಿಲ್ಲ.

ಅದು ಎಪ್ಪತ್ತೇಳು-ಎಪ್ಪತ್ತೆಂಟರ ವರ್ಷ. ನನ್ನ ಬಿ.ಎ.ಯ ಕೊನೆಯ ವರ್ಷ. ಬಾಪ, ಅಂದರೆ ನನ್ನ ಅಪ್ಪ, ನಾನು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಿದ್ದರು. ಆಮೇಲೆ ನಮ್ಮ ಮನೆಯ ಗಂಡಸು ಎಂದರೆ ಮಾಮನೇ. ಉಮ್ಮ ಬೀಡಿ ಕಟ್ಟುತ್ತಿದ್ದಳು. ಬೀಡಿ ಇಲ್ಲದ ಹೊತ್ತಿನಲ್ಲಿ ಮುಂಡೇವಿನ ಓಲೆ ತಂದು, ಮುಳ್ಳು ತೆಗೆದು, ಬಿಸಿಲಿಗೆ ಒಣಗಿಸಿ ಚಾಪೆ ನೇಯುತ್ತಿದ್ದಳು. ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಮೂಡೆ ಕಟ್ಟುತ್ತಾರಲ್ಲ, ಅದೇ ಓಲೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ನನ್ನ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದು ಅವಳೇ, ಮಾಮ ಎಲೆ ಉಗಿಯಲು ಅಂಗಳಕ್ಕೆ ಇಳಿದ ಹೊತ್ತು ನೋಡಿ. ಎರಡು ವರ್ಷ ನಾನು ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದೆ. ಉದ್ಯಾವರದ ಸೇತುವೆ ಬರುವಾಗ ಗಾಳಿ ಬರುತ್ತಿತ್ತು, ಅಷ್ಟೇ ಸುಖ. ಮಾಮ ಪ್ರತಿ ಪರೀಕ್ಷೆಯ ಮುಂಚೆ ಇದು ಕೊನೆ ಎನ್ನುತ್ತಿದ್ದರು. ನಾನು ಪ್ರತಿ ಸಲ ಪಾಸಾಗುತ್ತಿದ್ದೆ. ಹಾಗಾಗಿ ಅವರಿಗೆ ನಿಲ್ಲಿಸಲು ನೆವ ಸಿಗುತ್ತಿರಲಿಲ್ಲ.

ಕೊನೆಯ ವರ್ಷ ನೆವ ಸಿಕ್ಕಿತು. ನಮ್ಮ ಇತಿಹಾಸದ ಸರ್ ಆಗ ಮಣಿಪಾಲದಲ್ಲಿ ಬಾಡಿಗೆಗಿದ್ದರು. ಕೊಂಕಣಿ ಮಾತಾಡುವ ಮನೆತನ, ನಮ್ಮ ಹತ್ತಿರ ಮಾತ್ರ ಊರ ಕನ್ನಡ. ಅವರದೊಂದು ನಿಯಮವಿತ್ತು. ಕೊನೆಯ ವರ್ಷದವರೆಲ್ಲ ತಮ್ಮ ಊರಿನ ಒಂದು ಹಳೆಯ ಕಟ್ಟಡದ ಬಗ್ಗೆ, ಸ್ವತಃ ಅಳೆದು, ಕೇಳಿ, ನೋಡಿ ಪ್ರಬಂಧ ಬರೆದು ಕೊಡಬೇಕು. ಫೆಬ್ರವರಿ ಮುಗಿಯುವುದರೊಳಗೆ ಅದು ಬಾರದಿದ್ದರೆ ಪರೀಕ್ಷೆಯ ಅರ್ಜಿಗೆ ಅವರ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಆ ವರ್ಷ ಪರೀಕ್ಷೆ ತಪ್ಪಿದರೆ ಮಾಮ ನನ್ನನ್ನು ಮತ್ತೊಂದು ವರ್ಷ ಬಸ್ಸು ಹತ್ತಲು ಬಿಡುತ್ತಿರಲಿಲ್ಲ ಎಂಬುದು ನನಗೂ ಉಮ್ಮನಿಗೂ ಗೊತ್ತಿತ್ತು.

ನಾನು ಕಾಪುವಿನ ದೀಪಸ್ತಂಭ ಎಂದು ಹೆಸರು ಕೊಟ್ಟೆ. ಸರ್ ಪಟ್ಟಿ ನೋಡಿ, ದೀಪಸ್ತಂಭಕ್ಕೆ ಆಗಲೇ ಆರು ಜನ ಹತ್ತಿದ್ದಾರೆ, ಇನ್ನೊಬ್ಬಳು ಹತ್ತಿದರೆ ಬೀಳುತ್ತದೆ ಎಂದರು. ಕಾರ್ಕಳದ ಬಸದಿ, ಉಡುಪಿಯ ರಥಬೀದಿ ಎಲ್ಲವನ್ನೂ ಬೇರೆಯವರು ಹಂಚಿಕೊಂಡಿದ್ದರು.

"ನಿನ್ನ ಮನೆಯ ಹತ್ತಿರ ಬೇರೆ ಹಳೆಯದು ಎಂತದೂ ಇಲ್ಲವಾ?"

"ಒಂದು ಹಳೇ ಪಳ್ಳಿ ಉಂಟು ಸರ್. ಆದರೆ ಅದರಲ್ಲಿ ಬರೆಯುವಂಥದ್ದು ಎಂತ ಇಲ್ಲ. ಗುಮ್ಮಟ ಇಲ್ಲ, ಮಿನಾರ ಇಲ್ಲ, ಈಗ ನಮಾಝ್ ಕೂಡ ಇಲ್ಲ."

"ಇಲ್ಲದ್ದನ್ನೆಲ್ಲ ಹೇಳಿ ಆಯಿತು. ಇನ್ನು ಎಂತ ಉಂಟೆಂದು ಬರೆದುಕೊಂಡು ಬಾ."

ಹೊರಗಿನಿಂದ ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ದಪ್ಪ ಮುರಕಲ್ಲಿನ ಗೋಡೆ, ಒಂದರ ಮೇಲೊಂದು ಕೂತ ಎರಡು ಇಳಿಜಾರು ಮಾಡು, ಎದುರಿಗೆ ಕೈಕಾಲು ತೊಳೆಯುವ ಕೊಳ. ಅರಬರ ದೇಶದ ಚಿತ್ರಗಳಲ್ಲಿರುವ ಮಸೀದಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ತುಳುನಾಡಿನ ಯಜಮಾನರ ಹಳೆಯ ಗುತ್ತಿನ ಮನೆಯೊಂದು ಪಶ್ಚಿಮಕ್ಕೆ ಮುಖ ಮಾಡಿ ಕೂತ ಹಾಗಿತ್ತು. ಗಲ್ಫಿಗೆ ಹೋದವರು ಹೆದ್ದಾರಿಯ ಬದಿಯಲ್ಲಿ ಹೊಸ ಕಾಂಕ್ರೀಟು ಪಳ್ಳಿ ಕಟ್ಟಿಸಿದ ಮೇಲೆ ಎಲ್ಲರೂ ಅಲ್ಲಿಗೆ ಹೋದರು. ಹಳೆಯದರಲ್ಲಿ ಬೈಹುಲ್ಲು, ಮಯ್ಯತ್ತನ್ನು ಖಬರಸ್ಥಾನಕ್ಕೆ ಹೊರುವ ಮಂಚ, ಒಡೆದ ಬುಡ್ಡಿದೀಪ. ಮಾಡು ಸೋರುತ್ತಿತ್ತು. ಆ ಬೇಸಗೆಯಲ್ಲಿ ಅದನ್ನು ಬಿಚ್ಚಿ ಮರವನ್ನು ಮದ್ರಸಕ್ಕೆ ಬಳಸುವುದೆಂದು ಊರ ಜಮಾಅತಿನ ಸಭೆಯಲ್ಲಿ ಮಾತಾಗಿತ್ತು. ಆದರೂ ಮಾಮ ದಿನಾ ಹೋಗಿ ಅದರ ಬಾಗಿಲು ತೆಗೆದು, ಗುಡಿಸಿ, ಮುಚ್ಚಿ ಬರುತ್ತಿದ್ದರು. ಕೀಲಿ ಅವರ ಸೊಂಟದಲ್ಲೇ.

ಅದೇ ಕೀಲಿ ನನಗೆ ಬೇಕಾಗಿತ್ತು. ಆ ಹೊಸ್ತಿಲನ್ನು ನಮ್ಮೂರಿನ ಯಾವ ಹೆಂಗಸೂ ದಾಟಿರಲಿಲ್ಲ. ನಾನು ಕೇಳಿದಾಗ ಮಾಮನಿಗೆ ಸಿಟ್ಟು ಬರಲಿಲ್ಲ, ಸಮಾಧಾನವೇ ಆದಂತೆ ಕಂಡಿತು. ಹಾಗಾದರೆ ಕಾಲೇಜು ಮುಗಿಯಿತಲ್ಲ ಎಂದರು. ಆಗ ಉಮ್ಮ ಬೀಡಿಯ ಗೆರಸೆಯಿಂದ ತಲೆ ಎತ್ತದೆ ಕೇಳಿದಳು. ಅಣ್ಣನನ್ನು ಅವಳು ಕಾಕ ಎಂದು ಕರೆಯುತ್ತಿದ್ದಳು.

"ಕಾಕ, ಅಲ್ಲಿ ನೆಲಕ್ಕೆ ಹಾಸಿದ ಚಾಪೆ ಯಾರದ್ದು?"

"ನೀನು ನೇಯ್ದದ್ದೇ."

"ಇಪ್ಪತ್ತು ವರ್ಷ ನೇಯ್ದು ಕೊಟ್ಟಿದ್ದೇನೆ. ನನ್ನ ಚಾಪೆ ಒಳಗೆ ಹೋಗಬಹುದು, ಬೈಹುಲ್ಲು ಹೋಗಬಹುದು. ನಾನು ಹೋಗಬಾರದಾ?"

ಮಾಮ ಎದ್ದು ಹೋದರು. ಹೋದದ್ದು ಸೀದಾ ಹೊಸ ಪಳ್ಳಿಯ ಧರ್ಮಗುರು ಮುಸ್ಲಿಯಾರರ ಹತ್ತಿರ. ಆಗದು ಎಂದು ಅವರ ಬಾಯಲ್ಲಿ ಹೇಳಿಸಿಕೊಂಡು ಬರುತ್ತಾರೆಂದು ನಾವು ಕಾದೆವು. ಬಂದವರು ಕೀಲಿಯನ್ನು ಜಗಲಿಯ ಮೇಲೆ ಇಟ್ಟರು. ತಾಯಿ ಜೊತೆಗಿರಲಿ, ಮರ್ಯಾದೆಯಲ್ಲಿ ಹೋಗಿ ಬರೆದುಕೊಂಡು ಬರಲಿ, ತಡೆಯುವ ಅಭ್ಯಾಸ ನಮ್ಮದು, ಕಿತಾಬಿನದಲ್ಲ ಎಂದಿದ್ದರಂತೆ ಮುಸ್ಲಿಯಾರರು. ಮಾಮ ಅದನ್ನು ಹೇಳಿದ್ದು ಗೋಡೆಯ ಕಡೆ ಮುಖ ಮಾಡಿ.

ಹೀಗೆ ಡಿಸೆಂಬರಿನ ಒಂದು ಬೆಳಿಗ್ಗೆ ನಾನೂ ಉಮ್ಮನೂ ಆ ಬಾಗಿಲು ದಾಟಿದೆವು. ಹೊಸ್ತಿಲು ಕಾರ್ಕಳದ ಕಪ್ಪು ಕಲ್ಲು, ಮಧ್ಯದಲ್ಲಿ ತುಳಿದು ತುಳಿದು ತೊಟ್ಟಿಲಿನ ಹಾಗೆ ಬಾಗಿತ್ತು. ಒಳಗೆ ತಂಪು. ನಾಲ್ಕು ದಪ್ಪ ಕಂಬ, ಮೇಲೆ ಹಲಗೆಯ ಮುಚ್ಚಿಗೆ, ಪಶ್ಚಿಮದ ಗೋಡೆಯಲ್ಲಿ ಇಮಾಮರು ನಿಲ್ಲುವ ಕಮಾನಿನ ಗೂಡು, ಅದರ ಬಲಕ್ಕೆ ಮೂರು ಮೆಟ್ಟಿಲಿನ ಮರದ ಮಿಂಬರ್. ಶುಕ್ರವಾರ ಖತೀಬರು ನಿಂತು ಖುತುಬಾ ಎಂಬ ಪ್ರವಚನ ಓದುವ ಪೀಠ ಅದು. ಗೋಡೆ, ಕಂಬ ಎಲ್ಲಕ್ಕೂ ಸುಣ್ಣವೋ ಸುಣ್ಣ. ಉಮ್ಮ ಇದ್ಯಾವುದನ್ನೂ ನೋಡಲಿಲ್ಲ. ಮೂಲೆಯಲ್ಲಿ ಸುತ್ತಿಟ್ಟ ಚಾಪೆಯೊಂದನ್ನು ಬಿಡಿಸಿ ಅದರ ಅಂಚು ಮುಟ್ಟಿ, "ಇದು ನೀನು ಹೊಟ್ಟೆಯಲ್ಲಿದ್ದಾಗ ನೇಯ್ದದ್ದು" ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದಳು.

ಟೇಪು ಸರ್ ಕೊಟ್ಟದ್ದು, ಬಟ್ಟೆಯದು. ಉದ್ದ ಮೂವತ್ತೈದು ಅಡಿ ಐದೂಕಾಲು ಇಂಚು. ಅಗಲ ಇಪ್ಪತ್ತೊಂದು ಅಡಿ ಮೂರು ಇಂಚು, ಮೇಲೊಂದು ಕೂದಲೆಳೆ. ಮೂರು ದಿನ ಅಳೆದರೂ ಅದೇ. ಇಷ್ಟು ಅಂದವಾದ ಕಟ್ಟಡಕ್ಕೆ ಇಂಥ ಅಡ್ಡಾದಿಡ್ಡಿ ಅಳತೆ ಹೇಗೆ ಎಂದು ನನಗೆ ತಲೆ ಕೆಟ್ಟಿತು. ನನ್ನ ಕೈಯೇ ಸರಿಯಿಲ್ಲ ಎಂದುಕೊಂಡೆ.

ಇತಿಹಾಸಕ್ಕೆ ಮಾಮನನ್ನೇ ಕೇಳಬೇಕಾಯಿತು. ಯಾವ ಕಾಲದ್ದು ಎಂದರೆ ಅವರು ಒಂದೇ ಮಾತು ಹೇಳಿದರು: "ಅದು ರೂಮಿನ ಸುಲ್ತಾನರ ಕಾಲದ್ದು." ಮುಂದೆ ಕೇಳಿದರೆ, ಅಷ್ಟೇ, ನಮ್ಮ ಬಾಪ ಹೇಳುತ್ತಿದ್ದದ್ದು ಎಂದರು.

ಈಗ ನನ್ನ ಬುದ್ಧಿ ನೋಡಿ. ಕಾಲೇಜಿನ ಹುಡುಗಿ, ದಿನಾ ರೂಮು ನಂಬರು ನೋಡಿ ಕ್ಲಾಸಿಗೆ ಹೋಗುವವಳು. ರೂಮು ಎಂದರೆ ನನಗೆ ಒಂದೇ. ಪಳ್ಳಿಯಲ್ಲಿ ಸುಲ್ತಾನರ ರೂಮು ಎಲ್ಲಿ ಎಂದು ನಾನೂ ಉಮ್ಮನೂ ಹುಡುಕಿದೆವು. ಮುಚ್ಚಿಗೆಯ ಮೇಲೆ ಏಣಿ ಹತ್ತಿ ಹೋಗುವ ಒಂದು ಅಟ್ಟವಿತ್ತು, ಬಾವಲಿಗಳು ತುಂಬಿದ್ದು. ಬೇರೆ ಕೋಣೆಯೇ ಇರಲಿಲ್ಲ, ಆದ್ದರಿಂದ ಅದೇ ಇರಬೇಕು. ಉಮ್ಮ ಮೂಗು ಮುಚ್ಚಿಕೊಂಡು, "ಪಾಪ, ಸುಲ್ತಾನರಿಗೆ ಬೇರೆ ಜಾಗ ಸಿಗಲಿಲ್ಲವಾ?" ಎಂದಳು. ನಾನು ಅಟ್ಟವನ್ನು ಅಳೆದೆ, ಚಿತ್ರ ಬಿಡಿಸಿದೆ, ಕೆಳಗೆ ಒಳ್ಳೆಯ ಅಕ್ಷರದಲ್ಲಿ ಬರೆದೆ: ಈ ರೂಮಿನಲ್ಲಿ ಹಿಂದೆ ಒಬ್ಬ ಸುಲ್ತಾನರು ವಾಸವಾಗಿದ್ದರು.

ಜನವರಿಯಲ್ಲಿ ಕರಡು ಕೊಟ್ಟೆ. ಸರ್ ಅದನ್ನು ಕ್ಲಾಸಿನಲ್ಲಿ ಎತ್ತಿ ಓದಿದರು. ಓದುತ್ತ ಅವರಿಗೇ ನಗು ತಡೆಯಲಾಗಲಿಲ್ಲ. ಸುಲ್ತಾನರು ಬಾಡಿಗೆ ಎಷ್ಟು ಕೊಡುತ್ತಿದ್ದರಂತೆ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಕ್ಲಾಸು ನಕ್ಕಿತು. ಕಟಪಾಡಿ ದಾಟುವ ಮೊದಲೇ ಸುದ್ದಿ ಬಸ್ಸಿನಲ್ಲಿತ್ತು. ನಾನು ಮನೆಯ ಅಂಗಳಕ್ಕೆ ಬರುವಾಗ ಮಾಮ ನಿಂತಿದ್ದರು.

"ಪಳ್ಳಿಯನ್ನು ಪೇಟೆಯಲ್ಲಿ ನಗೆ ಮಾಡಿ ಬಂದೆಯಾ? ಕೀಲಿ ಕೊಡು."

ಕೊಟ್ಟೆ. ಆ ವಾರ ಕಾಲೇಜಿಗೆ ಹೋಗಲು ನನಗೇ ಮುಖವಿರಲಿಲ್ಲ. ಉಮ್ಮ ಬೀಡಿಯ ಎಲೆ ಕತ್ತರಿಸುವಾಗ ಕತ್ತರಿಯ ಸದ್ದು ಜೋರಾಗಿತ್ತು. ಎರಡು ದಿನ ನೋಡಿ ಮೂರನೆಯ ದಿನ ನನ್ನ ಬುತ್ತಿ ಕಟ್ಟಿ ಹೊಸ್ತಿಲಲ್ಲಿ ಇಟ್ಟಳು. ನಾನು ಬುತ್ತಿ ತೆಗೆದುಕೊಂಡು ಹೊರಟೆ.

ಕಾಲೇಜಿನ ಮೆಟ್ಟಿಲಲ್ಲೇ ಸರ್ ಸಿಕ್ಕಿದರು. ನನ್ನನ್ನು ಕಾಯುತ್ತಿದ್ದರೆಂದು ಆಮೇಲೆ ತಿಳಿಯಿತು. ನಿನ್ನ ಮಾಮ ಆ ಮಾತು ಹೇಳಿದ್ದು ಕನ್ನಡದಲ್ಲೋ ನಿಮ್ಮ ಭಾಷೆಯಲ್ಲೋ ಎಂದು ಕೇಳಿದರು. ಬ್ಯಾರಿಯಲ್ಲಿ ಎಂದೆ. ಬ್ಯಾರಿಯಲ್ಲಿ ಮಾತಾಡುವ ಆ ಪ್ರಾಯದವರು ಕೋಣೆಗೆ ರೂಮು ಎನ್ನುತ್ತಾರಾ ಎಂದರು. ಇಲ್ಲ, ಅದಕ್ಕೆ ಬೇರೆ ಮಾತುಂಟು ಎಂದೆ. ಅವರು ಹಣೆ ಒತ್ತಿಕೊಂಡರು.

"ನಾನು ನಕ್ಕದ್ದು ತಪ್ಪಾಯಿತು ನೆಬಿಸ. ನೀನು ಕೇಳಿಸಿಕೊಂಡದ್ದು ಸರಿಯಾಗಿಯೇ ಉಂಟು. ಅರ್ಥ ತಪ್ಪಿದ್ದು ನಮ್ಮಿಬ್ಬರಿಗೂ."

ಒಬ್ಬ ಮೇಷ್ಟ್ರು ಬೀಡಿ ಕಟ್ಟುವವಳ ಮಗಳ ಹತ್ತಿರ ತಪ್ಪಾಯಿತು ಎಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ನಾನೇ ಮೂವತ್ತು ವರ್ಷ ಮೇಷ್ಟ್ರಾಗಿದ್ದಾಗ ಅದನ್ನು ನಾಲ್ಕಾರು ಸಲ ಬಳಸಿದ್ದೇನೆ.

ಮಣಿಪಾಲದ ಲೈಬ್ರರಿಯಲ್ಲಿ ಅವರು ಒಂದು ದೊಡ್ಡ ಭೂಪಟದ ಪುಸ್ತಕ ತೆಗೆದು ಬಿಡಿಸಿದರು. ರೂಮ್ ಎಂದರೆ ರೋಮಿನ ಹೆಸರು. ಪೂರ್ವದ ರೋಮಿನವರು ಆಳಿದ ನೆಲವನ್ನು ಅರಬರು ರೂಮ್ ಎಂದರು, ಆಮೇಲೆ ಅಲ್ಲಿ ತುರ್ಕರ ಉಸ್ಮಾನಿ ಸುಲ್ತಾನರು ಬಂದರೂ ಹೆಸರು ಹಾಗೆಯೇ ಉಳಿಯಿತು. ಒಟ್ಟೋಮನ್ ಎಂದು ನಾವು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದದ್ದು ಅವರನ್ನೇ. ಮುಸಲ್ಮಾನರ ಖಲೀಫರೆಂದು ದೂರದೂರದ ಕಡಲ ಬದಿಯ ಪಳ್ಳಿಗಳಲ್ಲೂ ಶುಕ್ರವಾರದ ಖುತುಬಾದಲ್ಲಿ ಅವರ ಹೆಸರು ಓದುತ್ತಿದ್ದರು. ನಾನು ಬಾವಲಿಯ ಅಟ್ಟದಲ್ಲಿ ಹುಡುಕಿದ ರೂಮು ಎರಡು ಕಡಲಿನ ಆಚೆ ಇತ್ತು. ಕಾಪುವಿನ ಮುಕ್ರಿಯೊಬ್ಬರು ಅದರ ಹೆಸರನ್ನು ಐವತ್ತು ವರ್ಷ ಬಾಯಲ್ಲಿ ಜೋಪಾನ ಮಾಡಿದ್ದರು. ನಮ್ಮ ಊರು ಪಾಠದ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಆದರೆ ಪಾಠದ ಪುಸ್ತಕದಲ್ಲಿ ಇರುವುದು ನಮ್ಮ ಊರಿನಲ್ಲಿ ಇತ್ತು.

ಎಣ್ಣೆ ಕಾಗದದ ಮೇಲೆ ಆ ಭೂಪಟವನ್ನು ನಕಲು ಮಾಡಿಕೊಂಡು ಬಂದೆ. ಸಂಜೆ ಮಾಮ ಜಗಲಿಯಲ್ಲಿದ್ದರು. ಎದುರಿಗೆ ಹಾಸಿದೆ. ಅವರು ಮೊದಲು ಬೇರೆ ಕಡೆ ನೋಡಿದರು, ಆಮೇಲೆ ಕನ್ನಡಕ ತೆಗೆದು ಒರೆಸಿ ಮೂಗಿಗೇರಿಸಿದರು. ಇದು ಎಂತ ಎಂದು ಬೆರಳಿಟ್ಟರು. ಕಡಲು ಎಂದೆ. ಕಾಪು ಎಲ್ಲಿ? ತೋರಿಸಿದೆ. ಮಕ್ಕ? ತೋರಿಸಿದೆ. ಕೊನೆಗೆ ಸಣ್ಣ ದನಿಯಲ್ಲಿ, ರೂಮ್ ಎಲ್ಲಿ ಎಂದರು. ತೋರಿಸಿದಾಗ ಹೆಬ್ಬೆರಳನ್ನು ಕಾಪುವಿನ ಮೇಲೆ, ಕಿರುಬೆರಳನ್ನು ಅಲ್ಲಿ ಇಟ್ಟು ಅಳೆದರು.

"ಒಂದು ಗೇಣು ಕೂಡ ಇಲ್ಲ" ಎಂದರು. ಆಮೇಲೆ ನಾನು ಕೇಳದೆಯೇ ಹೇಳಿದರು. "ನಾನು ಸಣ್ಣವನಿದ್ದಾಗ ಖತೀಬರು ಆ ಹೆಸರು ಓದುತ್ತಿದ್ದರು. ಒಂದು ಶುಕ್ರವಾರ ಓದಲಿಲ್ಲ. ಮತ್ತೆ ಓದಲೇ ಇಲ್ಲ. ಎಲ್ಲಿ ಹೋದರು ಎಂದು ನಾನು ಬಾಪನ ಹತ್ತಿರ ಕೇಳಿದೆ. ಬಾಪನಿಗೂ ಗೊತ್ತಿರಲಿಲ್ಲ."

ಇಪ್ಪತ್ತನಾಲ್ಕರಲ್ಲಿ ತುರ್ಕರೇ ಖಲೀಫರ ಪೀಠವನ್ನು ತೆಗೆದುಹಾಕಿದರು ಎಂದು ಸರ್ ಹೇಳಿದ್ದನ್ನು ಅವರಿಗೆ ಹೇಳಿದೆ. ಏಳು ವರ್ಷದ ಹುಡುಗ ಕೇಳಿದ್ದಕ್ಕೆ ಅರುವತ್ತು ದಾಟಿದವರಿಗೆ ಉತ್ತರ ಸಿಕ್ಕಿತು, ಅದೂ ಕಾಲೇಜಿಗೆ ಹೋಗಬಾರದವಳ ಬಾಯಿಂದ. ಮರುದಿನ ಬೆಳಿಗ್ಗೆ ಮಾಮ ಕೀಲಿಯನ್ನು ನನಗೆ ಕೊಡದೆ ತಾವೇ ಮುಂದೆ ನಡೆದರು. ಬನ್ನಿ ಎಂದು ತಲೆಯಲ್ಲೇ ಸನ್ನೆ ಮಾಡಿದರು.

ಮಿಂಬರಿನ ಕೆಳಗೆ, ಮೆಟ್ಟಿಲಿನ ಹಲಗೆಯೊಂದನ್ನು ಎಳೆದರೆ ಬರುವ ಒಂದು ಪೆಟ್ಟಿಗೆ ಇತ್ತು. ಅದರೊಳಗೆ ಬಟ್ಟೆ ಸುತ್ತಿದ ಖುತುಬಾದ ಕೈಬರಹದ ಕಿತಾಬು. ಅಂಚುಗಳನ್ನು ಹುಳ ತಿಂದಿತ್ತು. ಮುಸ್ಲಿಯಾರರನ್ನು ಕರೆಸಿ ಓದಿಸಿದೆವು. ಒಂದು ಪುಟದಲ್ಲಿ ರೂಮಿನ ಸುಲ್ತಾನರ ಹೆಸರು, ಅದರ ಮೇಲೆ ಕೆಂಪು ಶಾಯಿಯ ಒಂದೇ ಒಂದು ಗೀಟು. ಅಳಿಸುವ ಹಾಗೆ ಹೊಡೆದದ್ದಲ್ಲ, ಕೆಳಗಿನ ಹೆಸರು ಓದಲು ಬರುವ ಹಾಗೆ. ಸರ್ ಮಣಿಪಾಲದಿಂದ ಬಂದು ನೋಡಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕಿತಾಬಿನ ಮುಂದೆ ಕೂತರು. ಪಳ್ಳಿ ಕಟ್ಟಿದ್ದು ಯಾವಾಗ ಎಂದು ಇದು ಹೇಳುವುದಿಲ್ಲ, ಅದನ್ನು ಗೊತ್ತಿಲ್ಲ ಎಂದೇ ಬರೆ ಎಂದರು. ಆದರೆ ಉಸ್ಮಾನಿ ಸುಲ್ತಾನರ ಕಾಲದಲ್ಲಿ ಇದು ನಿಂತಿತ್ತು, ಇದರೊಳಗೆ ಅವರ ಹೆಸರು ಕೇಳಿತ್ತು, ಅಷ್ಟಕ್ಕೆ ಸಾಕ್ಷಿ ಉಂಟು.

ಇತಿಹಾಸ ಸರಿಯಾಯಿತು. ಅಳತೆ ಇನ್ನೂ ಸರಿಯಾಗಿರಲಿಲ್ಲ. ಫೆಬ್ರವರಿ ಅರ್ಧ ಹೋಗಿತ್ತು. ನನ್ನ ಇಂಚು, ಕಾಲು ಇಂಚಿನ ಲೆಕ್ಕ ನೋಡಿ ಮಾಮನಿಗೇ ಸಹನೆ ತಪ್ಪಿತು. ಇದಕ್ಕೆ ಆಚಾರಿಯೇ ಬರಬೇಕು ಎಂದು ಕಾರ್ಕಳಕ್ಕೆ ಹೋಗಿ ಶೀನ ಆಚಾರಿಯವರನ್ನು ಕರೆದುಕೊಂಡು ಬಂದರು. ಪಳ್ಳಿಯ ಮರಗೆಲಸ ಮಾಡಿದ ಮನೆತನ ಅವರದೆಂದು ಮಾಮನಿಗೆ ಗೊತ್ತಿತ್ತು. ನನಗೆ ಮಾತ್ರ ಅಷ್ಟು ದಿನ ಹೇಳಿರಲಿಲ್ಲ. ನೀನು ಕೇಳಲಿಲ್ಲವಲ್ಲ ಎಂದರು.

ಶೀನ ಆಚಾರಿ ಹೆಗಲಿನ ಬೈರಾಸಿನಲ್ಲಿ ಸುತ್ತಿದ ಒಂದು ಮರದ ಕೋಲು ತಂದಿದ್ದರು. ಉಡುಪಿಯ ದೇವಸ್ಥಾನದ ಕೆಲಸಕ್ಕೂ ಗುತ್ತಿನ ಮನೆಗೂ ಅವರ ಅಜ್ಜನ ಕಾಲದಿಂದ ಅದೇ ಕೋಲು. ನನ್ನ ಟೇಪಿನಲ್ಲಿ ಇಪ್ಪತ್ತೆಂಟು ಇಂಚಿಗೆ ಸ್ವಲ್ಪ ಜಾಸ್ತಿ. ಅವರು ಬಾಗಿಲಿನಿಂದ ಶುರುಮಾಡಿ ಕೋಲನ್ನು ಮಗುಚುತ್ತ ಮಗುಚುತ್ತ ಹೋದರು. ಉದ್ದಕ್ಕೆ ಸರಿಯಾಗಿ ಹದಿನೈದು ಕೋಲು, ಕೊನೆಯ ಮಗುಚು ಗೋಡೆಗೆ ಟಕ್ಕೆಂದು ತಾಗಿತು. ಅಗಲಕ್ಕೆ ಒಂಬತ್ತು. ಕಂಬದಿಂದ ಕಂಬಕ್ಕೆ ಮೂರು. ಕಾಲು ಇಲ್ಲ, ಕೂದಲೆಳೆ ಇಲ್ಲ.

"ಬ್ರಿಟಿಷರ ಅಡಿಯಲ್ಲಿ ಅಳೆದರೆ ಅದು ಮಾತಾಡುವುದಿಲ್ಲ ಮಗಾ" ಎಂದರು. "ನಮ್ಮ ಕೋಲಿಗೆ ಹುಟ್ಟಿದ ಮನೆ."

ನಾನು ಮೂರು ದಿನ ಅಳೆದದ್ದು ಸರಿಯಾಗಿಯೇ ಇತ್ತು. ನನ್ನ ಕೈಯಲ್ಲಿ ತಪ್ಪಿರಲಿಲ್ಲ. ಇದನ್ನು ಆ ಹೊತ್ತಿಗೆ ಒಬ್ಬರಾದರೂ ಹೇಳಬೇಕಿತ್ತು. ಆ ಕೋಲು ಹೇಳಿತು.

ಆಮೇಲೆ ಅವರು ಕಂಬ ಯಾವ ಮರದ್ದು ಎಂದು ನೋಡಲು ಒದ್ದೆ ತೆಂಗಿನ ನಾರಿನಿಂದ ಸುಣ್ಣ ಉಜ್ಜತೊಡಗಿದರು. ಸುಣ್ಣ ಪದರ ಪದರವಾಗಿ ಬಿತ್ತು. ಎಷ್ಟು ಸುಣ್ಣ ಮಾರಾಯರೇ ಎಂದು ಮಾಮನ ಮುಖ ನೋಡಿದರು. ಹುಳ ಹಿಡಿಯದ ಹಾಗೆ ಪ್ರತಿ ವರ್ಷ ಮಳೆಗೆ ಮೊದಲು ಹೊಡೆಯುತ್ತಿದ್ದೆ, ಮೂವತ್ತು ವರ್ಷ, ನನಗಿಂತ ಮೊದಲು ಬಾಪ ಎಂದರು ಮಾಮ, ಸ್ವಲ್ಪ ಹೆಮ್ಮೆಯಿಂದಲೇ. ಆಚಾರಿ ಉಳಿಯ ಬೆನ್ನಿನಿಂದ ಮೆಲ್ಲ ಕೆರೆದರು. ಒಳಗೆ ಕಂದು ಹಲಸಿನ ಮರ. ಮರದ ಮೇಲೆ ಒಂದು ಗೆರೆ. ಗೆರೆ ಬಾಗಿ ಬಳ್ಳಿಯಾಯಿತು. ಬಳ್ಳಿಯಲ್ಲಿ ಎಲೆ. ಇನ್ನೂ ಕೆರೆದರು, ಇನ್ನೊಂದು ಎಲೆ, ತುದಿ ಸುರುಟಿದ್ದು, ಆಗ ತಾನೇ ಬಿಚ್ಚುತ್ತಿರುವ ಚಿಗುರು. ಕಂಬದ ಬುಡದಿಂದ ತುದಿಯ ಬೋದಿಗೆಯ ತನಕ ಹತ್ತಿತ್ತು.

ದೇವಸ್ಥಾನದಲ್ಲಾದರೆ ಈ ಜಾಗದಲ್ಲಿ ಸಿಂಹದ ಮುಖ ಬರುತ್ತದೆ, ಇಲ್ಲಿ ಪ್ರಾಣಿ ಆಗುವುದಿಲ್ಲ ಎಂದು ನಿಮ್ಮವರು ಹೇಳಿರಬೇಕು, ನಮ್ಮ ಹಿರಿಯರು ಎಲೆ ಹಾಕಿದ್ದಾರೆ ಎಂದು ಆಚಾರಿ ವಿವರಿಸುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಮಾಮ ಮಾತ್ರ ಕೇಳುತ್ತಿರಲಿಲ್ಲ. ಅವರ ಕೈ ಆ ಚಿಗುರಿನ ಮೇಲಿತ್ತು. ಬೆರಳಿನ ಸಂದಿಯಲ್ಲಿ ಸುಣ್ಣದ ಪುಡಿ.

ಟೇಪಿನ ತುದಿ ಹಿಡಿದುಕೊಂಡೇ ನಿಂತಿದ್ದ ಉಮ್ಮ ಹೇಳಿದಳು, "ಕಾಕ, ಚಿಗುರಿದೆ ಅಲ್ವಾ."

ಮೂರು ವರ್ಷದ ಹಿಂದಿನ ಮಾತನ್ನು ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದಳು. ಮಾಮ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕೊಳದ ಕಡೆ ಹೋದರು. ಶೀನ ಆಚಾರಿಗೆ ಎಂತ ಆಯಿತೆಂದು ಅರ್ಥವಾಗಲಿಲ್ಲ. ನಾವೂ ಹೇಳಲಿಲ್ಲ.

ಪ್ರಬಂಧವನ್ನು ಫೆಬ್ರವರಿಯ ಕೊನೆಯ ವಾರ ಒಪ್ಪಿಸಿದೆ. ಅಳತೆಗಳನ್ನೆಲ್ಲ ಕೋಲಿನಲ್ಲಿ ಬರೆದು, ಅಡಿಯ ಲೆಕ್ಕವನ್ನು ಪಕ್ಕದಲ್ಲಿ ಸಣ್ಣದಾಗಿ ಹಾಕಿದೆ. ರೂಮಿನ ಕಥೆಯನ್ನೂ ಮುಚ್ಚಿಡಲಿಲ್ಲ, ನನ್ನ ತಪ್ಪು ಹೀಗೆ ಆಯಿತು, ಹೀಗೆ ತಿದ್ದಿಕೊಂಡೆ ಎಂದು ಬರೆದೆ. ಸರ್ ಈ ಸಲ ಕ್ಲಾಸಿನಲ್ಲಿ ಆ ಪುಟವನ್ನೇ ಓದಿದರು. ಬಾಡಿಗೆ ಕೇಳಿದ್ದ ಹುಡುಗ ಕ್ಲಾಸು ಮುಗಿದ ಮೇಲೆ ಬಂದು, ಆ ಎಲೆ ನೋಡಲು ಬರಬಹುದಾ ಎಂದು ಕೇಳಿದ. ಪರೀಕ್ಷೆಯ ಅರ್ಜಿಗೆ ಸರ್ ಹಾಕಿದ ಸಹಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗುಂಟು, ಕೊನೆಗೊಂದು ಉದ್ದ ಬಾಲ.

ಪಳ್ಳಿ ಉಳಿಯಿತು ಎಂದು ಬರೆಯಲು ನನಗೂ ಆಸೆ. ಉಳಿಯಲಿಲ್ಲ. ನಾನು ಪರೀಕ್ಷೆ ಬರೆದು ಮುಗಿಸಿದ ವಾರ ಮಾಡಿನ ಹಂಚು ಇಳಿಸಿದರು. ಗೋಡೆ ಅಷ್ಟು ಬಿರುಕು ಬಿಟ್ಟಿತ್ತು, ಇನ್ನೊಂದು ಮಳೆ ತಡೆಯುತ್ತಿರಲಿಲ್ಲ. ಆದರೆ ಬಿಚ್ಚುವ ಕೆಲಸವನ್ನು ಶೀನ ಆಚಾರಿಯವರಿಗೇ ಕೊಡಬೇಕೆಂದು ಜಮಾಅತಿನಲ್ಲಿ ಎದ್ದು ನಿಂತು ಹೇಳಿದವರು ಮಾಮ. ಅದುವರೆಗೆ ಅವರು ಅಲ್ಲಿ ಬಾಯಿ ಬಿಟ್ಟವರಲ್ಲ. ಕಬ್ಬಿಣದ ಒಂದು ಮೊಳೆಯೂ ಇಲ್ಲದ ಆ ಮರಗಳನ್ನು ಬಿಗಿದಿದ್ದ ಗೂಟಗಳನ್ನು ಒಂದೊಂದಾಗಿ ತಟ್ಟಿ ತೆಗೆದು, ಆಚಾರಿ ಪ್ರತಿ ಮರದ ಮೇಲೆ ಗುರುತು ಹಾಕಿದರು. ಯಾವುದು ಎಲ್ಲಿತ್ತೆಂದು ನೋಡಲು ನನ್ನ ನಕ್ಷೆಯನ್ನು ಕೇಳಿದರು. ನಾಲ್ಕು ಕಂಬಗಳು ಮದ್ರಸದ ಜಗಲಿಯಲ್ಲಿ ನಿಂತವು, ಕೋಲಿಗೆ ಸರಿಯಾಗಿ, ಮೂರು ಮೂರರ ಅಂತರದಲ್ಲಿ. ಮಾಮ ತಿಂಗಳುಗಟ್ಟಲೆ ಕೂತು ಅವುಗಳ ಸುಣ್ಣ ತೆಗೆದರು. ಮೂವತ್ತು ವರ್ಷ ಬಳಿದದ್ದನ್ನು ತೆಂಗಿನ ನಾರಿನಲ್ಲಿ ಉಜ್ಜುವುದೆಂದರೆ ಸಣ್ಣ ಕೆಲಸವಲ್ಲ. ಹುಡುಗಿಯರೂ ಆ ಜಗಲಿಯಲ್ಲಿ ಕೂತು ಓದುತ್ತಾರೆ.

ಮಳೆಗಾಲದಲ್ಲಿ ಫಲಿತಾಂಶ ಬಂತು. ಎರಡನೆಯ ದರ್ಜೆ, ಇತಿಹಾಸದಲ್ಲಿ ಮಾತ್ರ ಕಾಲೇಜಿಗೇ ಹೆಚ್ಚು. ಪದವಿಪತ್ರ ಕೈಗೆ ಬರುವಾಗ ಮರುವರ್ಷದ ಬೇಸಗೆ. ಕಾಲೇಜಿನ ಆಫೀಸಿನಲ್ಲಿ ಸಹಿ ಮಾಡಿ ತೆಗೆದುಕೊಂಡೆ. ಮಡಿಸಬಾರದು ಎಂದು ಗುಮಾಸ್ತರು ಎರಡು ಸಲ ಹೇಳಿದರು. ಬಸ್ಸಿನಲ್ಲಿ ಆ ದಿನವೂ ಸೀಟು ಸಿಗಲಿಲ್ಲ. ಉದ್ಯಾವರದ ಸೇತುವೆಯ ಗಾಳಿಗೆ ಹಾರದ ಹಾಗೆ ಅದನ್ನು ಎದೆಗೊತ್ತಿಕೊಂಡು ನಿಂತೆ. ನಮ್ಮ ಮನೆತನದಲ್ಲಿ, ಗಂಡಸರೂ ಸೇರಿ, ಅದು ಮೊದಲನೆಯದು. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಮನೆಗೆ ಬಂದು ಉಮ್ಮನ ಕೈಗೆ ಕೊಟ್ಟೆ. ಅವಳು ಬೀಡಿಯ ತಂಬಾಕು ತಾಗುತ್ತದೆ ಎಂದು ಕೈ ಹಿಂದೆ ತೆಗೆದುಕೊಂಡು, ಮೊದಲು ಕಾಕನಿಗೆ ತೋರಿಸು ಎಂದಳು. ಮಾಮ ಎದ್ದು ಬಾವಿಯ ಹತ್ತಿರ ಹೋಗಿ ಕೈ ಮುಖ ತೊಳೆದರು, ಕಿತಾಬು ಮುಟ್ಟುವ ಮೊದಲು ತೊಳೆಯುವ ಹಾಗೆಯೇ. ಬಟ್ಟೆಯಲ್ಲಿ ಒರೆಸಿಕೊಂಡು ಎರಡೂ ಕೈ ಚಾಚಿದರು. ನಾನು ಕೊಟ್ಟೆ. ಅವರಿಗೆ ಅದರ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ನನ್ನ ಹೆಸರು ಯಾವುದೆಂದು ಕೇಳಿ, ತೋರಿಸಿದ ಜಾಗದ ಮೇಲೆ ಬೆರಳು ಇಡದೆ ಸ್ವಲ್ಪ ಮೇಲೆಯೇ ಆಡಿಸಿದರು. ಆ ತಿಂಗಳು ಎರಡು ಕಡೆಯಿಂದ ನನ್ನನ್ನು ನೋಡಲು ಬಂದು ಹೋಗಿದ್ದರು. ಹುಡುಗಿ ಮನೆಯಲ್ಲಿದ್ದರೆ ಸಾಕು, ಓದಿದ ವಿಷಯ ನಾವು ಎಲ್ಲಿಯೂ ಹೇಳುವುದಿಲ್ಲ ಎಂದು ಒಬ್ಬರು ಹೇಳಿದ್ದರು, ಉಪಕಾರ ಮಾಡುವವರ ಹಾಗೆ. ಮಾಮ ಆವಾಗ ಸುಮ್ಮನಿದ್ದರು.

ಈಗ ಪತ್ರವನ್ನು ಉಮ್ಮನ ಕಡೆ ಹಿಡಿದು ಹೇಳಿದರು:

"ಇವಳನ್ನು ಕೊಡುವ ಮನೆ ನೋಡಿ ಕೊಡು. ಇದರ ಮೇಲೆ ಯಾರೂ ಸುಣ್ಣ ಹೊಡೆಯಬಾರದು."